ಲ್ಯಾಂಡಿಂಗ್ ದಾಟಿ ಬಿದ್ದ ಸ್ಕೀಯರ್: ಸ್ನೋಕ್ವಾಲ್ಮಿ 2004ರ ಕೇಸು, ಲೆಕ್ಕ ಸಮೇತ

2004ರ ಫೆಬ್ರವರಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಪೂರ್ವಕ್ಕೆ ಬೆಟ್ಟದ ಕಡೆ ಹೋದ್ರೆ ಸಿಗೋ ದಿ ಸಮಿಟ್ ಅಟ್ ಸ್ನೋಕ್ವಾಲ್ಮಿ ಅನ್ನೋ ಸ್ಕೀ ರೆಸಾರ್ಟು. ಅಲ್ಲಿನ ಟೆರೇನ್ ಪಾರ್ಕ್‌ನಲ್ಲಿ, ಅಂದ್ರೆ ಹಾರೋಕೆ ಅಂತ ಹಿಮದಲ್ಲಿ ಜಂಪ್‌ಗಳನ್ನ ಕಟ್ಟಿಟ್ಟಿರೋ ಜಾಗದಲ್ಲಿ, 23 ವರ್ಷದ ಹುಡುಗನೊಬ್ಬ ಟೇಬಲ್‌ಟಾಪ್ ಜಂಪ್ ಒಂದನ್ನ ಹಾರ್ದ. ಇಳಿಯೋಕೆ ಅಂತಾನೇ ಮಾಡಿಟ್ಟಿದ್ದ ಇಳಿಜಾರನ್ನ ಗಾಳಿಯಲ್ಲೇ ದಾಟಿ, ಅದರಾಚೆ ಇದ್ದ ಸಮತಟ್ಟು ಜಾಗಕ್ಕೆ ಹೋಗಿ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ನಾಲ್ಕರ ಸ್ವಾಧೀನಾನೂ ಹೋಯ್ತು.

ಕೇಸು ಕೋರ್ಟಿಗೆ ಹೋಯ್ತು, 2007ರಲ್ಲಿ ಕಿಂಗ್ ಕೌಂಟಿಯ ಜ್ಯೂರಿ ಒಟ್ಟು ನಷ್ಟ ಸುಮಾರು 31 ಮಿಲಿಯನ್ ಡಾಲರ್ ಅಂತ ಲೆಕ್ಕ ಹಾಕಿ, ಅದರಲ್ಲಿ 45% ತಪ್ಪು ಆ ಹುಡುಗನದೇ, ಇನ್ನೊಂದು ಸಣ್ಣ ಪಾಲು ಆಟದಲ್ಲೇ ಇರೋ ಸಹಜ ಅಪಾಯ, ಉಳಿದಿದ್ದು ರೆಸಾರ್ಟಿನದು ಅಂತ ಹೇಳ್ತು. ರೆಸಾರ್ಟ್ ಕಂಪನಿ ಕೊಡಬೇಕಾಗಿ ಬಂದಿದ್ದು ಸುಮಾರು 14 ಮಿಲಿಯನ್ ಡಾಲರ್. 2008ರಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡೀತು. ಅದೇ ಜಂಪ್‌ನಲ್ಲಿ ಅದಕ್ಕೂ ಮುಂಚೆ ಜನಕ್ಕೆ ಪೆಟ್ಟಾಗಿತ್ತು ಅನ್ನೋದೂ ವಿಚಾರಣೆಯಲ್ಲಿ ಹೊರಗೆ ಬಂತು.

ಈ ಕೇಸಿನ ಬಗ್ಗೆ ಮಾತಾಡೋರು ಸಾಮಾನ್ಯವಾಗಿ ಎರಡು ಗುಂಪು. "ಅಷ್ಟು ಸ್ಪೀಡಲ್ಲಿ ಹೋಗು ಅಂತ ಯಾರು ಹೇಳಿದ್ರು" ಅನ್ನೋರು ಒಂದು ಕಡೆ, "ದುಡ್ಡು ತಗೊಂಡು ಸಾಯೋ ಜಾಗ ಕಟ್ಟಿಟ್ಟಿದ್ರು" ಅನ್ನೋರು ಇನ್ನೊಂದು ಕಡೆ. ಇಬ್ಬರೂ ಲೆಕ್ಕಕ್ಕೆ ಕೈ ಹಾಕಲ್ಲ. ಆದ್ರೆ ಇದು ಪಿಯುಸಿ ಫಿಸಿಕ್ಸ್‌ನಲ್ಲಿ ಮುಗಿಯೋ ಲೆಕ್ಕ, ಮಾಡಿ ನೋಡಿದ್ರೆ ಎರಡು ಗುಂಪಿನ ಮಾತಿಗಿಂತ ಬೇರೇನೇ ಚಿತ್ರ ಸಿಗುತ್ತೆ.

ಮೊದ್ಲು ಟೇಬಲ್‌ಟಾಪ್ ಅಂದ್ರೆ ಹೇಗಿರುತ್ತೆ ಅಂತ. ಮೇಲಿಂದ ಜಾರಿಕೊಂಡು ಬರೋ ಇನ್‌ರನ್, ಅದು ಕೆಳಗೆ ಬಾಗಿ ಮತ್ತೆ ಮೇಲಕ್ಕೆದ್ದು ಟೇಕ್‌ಆಫ್ ಆಗುತ್ತೆ, ಟೇಕ್‌ಆಫ್‌ನ ತುದಿಗೆ ಲಿಪ್ ಅಂತಾರೆ. ಲಿಪ್ ದಾಟಿದ ಮೇಲೆ ಮೇಜಿನ ಥರ ಚಪ್ಪಟೆಯಾಗಿರೋ ಡೆಕ್. ಡೆಕ್ ಮುಗಿದು ಇಳಿಜಾರು ಶುರುವಾಗೋ ಅಂಚಿಗೆ ನಕಲ್ ಅನ್ನೋದು, ನಕಲ್‌ನಿಂದ ಕೆಳಕ್ಕೆ ಲ್ಯಾಂಡಿಂಗ್ ಇಳಿಜಾರು, ಕೊನೆಗೆ ರನ್‌ಔಟ್, ಅಂದ್ರೆ ಮತ್ತೆ ಹೆಚ್ಚುಕಮ್ಮಿ ಸಮತಟ್ಟು. ಸ್ಕೀಯರ್ ಡೆಕ್ ಮೇಲೆಲ್ಲ ಹಾರಿ ನಕಲ್ ದಾಟಿ ಇಳಿಜಾರಿನ ಮೇಲೆ ಇಳೀಬೇಕು. ಸ್ಪೀಡ್ ಕಮ್ಮಿಯಾದ್ರೆ ಡೆಕ್ ಮೇಲೆ ಬೀಳ್ತಾನೆ, ಜಾಸ್ತಿಯಾದ್ರೆ ರನ್‌ಔಟ್‌ಗೆ. ಸ್ನೋಕ್ವಾಲ್ಮಿಯಲ್ಲಿ ಆಗಿದ್ದು ಎರಡನೇದು.

ಎಲ್ಲರೂ ಎಡವೋ ಜಾಗ ಒಂದಿದೆ. ಎಷ್ಟು ಎತ್ತರ ಹಾರ್ದ, ಎಷ್ಟು ದೂರ ಹಾರ್ದ ಅಂತ ಕೇಳ್ತಾರೆ, ನೋಡೋಕೂ ಭಯ ಹುಟ್ಸೋದು ಅದೇ. ಆದ್ರೆ ಮೈಗೆ ಬೀಳೋ ಪೆಟ್ಟನ್ನ ತೀರ್ಮಾನ ಮಾಡೋದು ಅದಲ್ಲ. ಇಳಿಯೋ ಕ್ಷಣದಲ್ಲಿ ಸ್ಕೀಯರ್‌ನ ವೇಗದಲ್ಲಿ ಎರಡು ಪಾಲು ಮಾಡಬಹುದು, ಹಿಮದ ಮೇಲ್ಮೈಗೆ ಸಮಾನಾಂತರವಾಗಿ ಇರೋದೊಂದು, ಮೇಲ್ಮೈಗೆ ನೇರ ಲಂಬವಾಗಿ ಒಳಕ್ಕೆ ಹೋಗೋದೊಂದು. ಸಮಾನಾಂತರ ಪಾಲು ಹಾಗೇ ಜಾರಿಕೊಂಡು ಮುಂದೆ ಹೋಗುತ್ತೆ, ಅದರಿಂದ ದೊಡ್ಡ ಪೆಟ್ಟೇನಿಲ್ಲ. ಲಂಬದ ಪಾಲು ಮಾತ್ರ ಅಲ್ಲೇ ನಿಲ್ಲಬೇಕು, ಅದನ್ನ ನಿಲ್ಸೋದು ಕಾಲು, ಕಾಲು ಸಾಲ್ದೆ ಹೋದ್ರೆ ಸೊಂಟ, ಬೆನ್ನು. ಆ ಲಂಬ ವೇಗ ಎಷ್ಟು ಎತ್ತರದಿಂದ ಸಮತಟ್ಟು ನೆಲಕ್ಕೆ ಸುಮ್ನೆ ಬಿದ್ರೆ ಬರುತ್ತೋ ಆ ಎತ್ತರಕ್ಕೆ ಈಕ್ವಿವಲೆಂಟ್ ಫಾಲ್ ಹೈಟ್ ಅಂತ ಹೆಸರು, ಇಲ್ಲಿ ಸಮಾನ ಎತ್ತರ ಅಂತ ಕರೀತೀನಿ. ಲಂಬ ವೇಗದ ವರ್ಗವನ್ನ ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದ್ರೆ ಸಿಕ್ತು, ಅಷ್ಟೇ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್‌ನ ಮಾಂಟ್ ಹಬರ್ಡ್, ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನ ಜೇಮ್ಸ್ ಮೆಕ್‌ನೀಲ್ ಇವರೆಲ್ಲ ವರ್ಷಗಟ್ಟಲೆ ಪೇಪರ್ ಬರೆದು ಹೇಳ್ತಾ ಬಂದಿರೋದು ಇದನ್ನೇ, ಜಂಪ್ ಎಷ್ಟು ದೊಡ್ಡದು ಅಂತ ನೋಡ್ಬೇಡಿ, ಈ ಎತ್ತರ ಎಷ್ಟಿದೆ ನೋಡಿ ಅಂತ. ಜಾರುಬಂಡೆ ಮೇಲಿಂದ ಜಾರಿ ಬರೋ ಮಗುವೂ ಅದೇ ಎತ್ತರದಿಂದ ಪಕ್ಕಕ್ಕೆ ಬೀಳೋ ಮಗುವೂ ಕೆಳಗಿಳಿಯೋದು ಒಂದೇ ಎತ್ತರ, ಆದ್ರೆ ಅಳೋದು ಪಕ್ಕಕ್ಕೆ ಬಿದ್ದ ಮಗು ಮಾತ್ರ.

ಈಗ ಒಂದು ಮಾದರಿ ಜಂಪ್ ಇಟ್ಕೊಂಡು ಲೆಕ್ಕ ಮಾಡೋಣ. ಇದು ಸ್ನೋಕ್ವಾಲ್ಮಿ ಜಂಪ್‌ನ ಅಳತೆ ಅಲ್ಲ, ನಾನೇ ಇಟ್ಕೊಂಡಿರೋ ಅಳತೆ, ಆದ್ರೆ ಪಾರ್ಕ್‌ಗಳಲ್ಲಿ ಕಾಣೋ ಥರದ್ದೇ. ಟೇಕ್‌ಆಫ್ ಕೋನ 20 ಡಿಗ್ರಿ, ಲಿಪ್ ಡೆಕ್‌ಗಿಂತ 2 ಮೀಟರ್ ಎತ್ತರ, ಲಿಪ್‌ನಿಂದ ನಕಲ್‌ಗೆ 12 ಮೀಟರ್, ಅಲ್ಲಿಂದ 27 ಡಿಗ್ರಿ ಇಳಿಜಾರಿನ ಲ್ಯಾಂಡಿಂಗ್, ಅದು ಅಡ್ಡಡ್ಡಕ್ಕೆ ಅಳೆದ್ರೆ ಇನ್ನೊಂದು 12 ಮೀಟರ್ ಹೋಗಿ ಮುಗಿಯುತ್ತೆ, ಆಮೇಲೆ ಸಮತಟ್ಟು. ಗಾಳಿಯ ತಡೆ ಬಿಟ್ಟುಬಿಡ್ತೀನಿ.

ಲಿಪ್‌ನಲ್ಲಿ ಸೆಕೆಂಡಿಗೆ 12 ಮೀಟರ್, ಅಂದ್ರೆ ಗಂಟೆಗೆ 43 ಕಿ.ಮೀ. ಸ್ಪೀಡ್ ಇದ್ರೆ ಸ್ಕೀಯರ್ 16 ಮೀಟರ್ ದೂರದಲ್ಲಿ, ಲ್ಯಾಂಡಿಂಗ್‌ನ ಮೇಲ್ಭಾಗದಲ್ಲಿ ಇಳೀತಾನೆ. ಅವನು ಬರೋ ದಾರಿ ಆಗ 41 ಡಿಗ್ರಿ ಕೆಳಮುಖ, ಹಿಮ 27 ಡಿಗ್ರಿ ಕೆಳಮುಖ, ಎರಡರ ನಡುವೆ ಬರೀ 14 ಡಿಗ್ರಿ ವ್ಯತ್ಯಾಸ. ಸಮಾನ ಎತ್ತರ ಎಷ್ಟು ಬರುತ್ತೆ ಗೊತ್ತಾ, ಸುಮಾರು 0.66 ಮೀಟರ್. 16 ಮೀಟರ್ ಹಾರಿ ಬಂದವನಿಗೆ ಊಟದ ಮೇಜಿನಿಂದ ಧುಮುಕಿದಷ್ಟೂ ಪೆಟ್ಟಿಲ್ಲ.

ಸೆಕೆಂಡಿಗೆ 10 ಮೀಟರ್‌ಗೆ ಇಳಿಸಿ. 36 ಕಿ.ಮೀ. ಸ್ಪೀಡ್, ಹುಷಾರಾಗಿ ಹೋಗ್ತಿರೋ ಮನುಷ್ಯ. ಅವನು 10 ಮೀಟರ್ ದೂರಕ್ಕೇ ಡೆಕ್ ಮೇಲೆ ಬೀಳ್ತಾನೆ, ಎತ್ತರ 2.6 ಮೀಟರ್. ನಿಧಾನ ಹೋದವನಿಗೆ ನಾಲ್ಕು ಪಟ್ಟು ಪೆಟ್ಟು! ಅದಕ್ಕೇ ಪಾರ್ಕಿನಲ್ಲಿ ಹೆದರಿ ಲಿಪ್ ಹತ್ರ ಬ್ರೇಕ್ ಹಾಕೋರು ಮಂಡಿ ಕೆಡಿಸಿಕೊಳ್ಳೋದು.

ಇನ್ನು ಸೆಕೆಂಡಿಗೆ 15 ಮೀಟರ್, ಗಂಟೆಗೆ 54 ಕಿ.ಮೀ. ಲ್ಯಾಂಡಿಂಗ್ ಪೂರ್ತಿ ಮೇಲಿಂದಲೇ ದಾಟಿ ಸುಮಾರು 27 ಮೀಟರ್ ದೂರದಲ್ಲಿ ಸಮತಟ್ಟಿಗೆ ಬೀಳ್ತಾನೆ, ಲಂಬ ವೇಗ ಸೆಕೆಂಡಿಗೆ 13.6 ಮೀಟರ್, ಸಮಾನ ಎತ್ತರ ಸುಮಾರು 9.5 ಮೀಟರ್. ಮೂರನೇ ಮಹಡಿಯಿಂದ ಬಿದ್ದಂಗೆ. ರನ್‌ಔಟ್ ಪೂರ್ತಿ ಚಪ್ಪಟೆ ಇರಲ್ಲ, 8 ಡಿಗ್ರಿನಾದ್ರೂ ಇಳಿಜಾರು ಇರುತ್ತೆ ಅಂತ ವಾದ ಮಾಡಬಹುದು, ಸರಿ, ಆಗಲೂ 7 ಮೀಟರ್ ಬರುತ್ತೆ. ಅಮೆರಿಕದಲ್ಲಿ ಕಟ್ಟಡ ಕೆಲಸದವರು 6 ಅಡಿ, ಅಂದ್ರೆ 1.8 ಮೀಟರ್‌ಗಿಂತ ಎತ್ತರದಲ್ಲಿ ನಿಂತ್ರೆ ಬೀಳದಂಗೆ ರಕ್ಷಣೆ ಕೊಡಲೇಬೇಕು ಅಂತ ಸರ್ಕಾರದ ನಿಯಮ ಇದೆ, ಇದನ್ನ ಪಕ್ಕದಲ್ಲಿಟ್ಟು ನೋಡಿ.

ಅಂದ್ರೆ ಸ್ಪೀಡು 43ರಿಂದ 54ಕ್ಕೆ ಏರಿದ್ದು, ಕಾಲು ಭಾಗದಷ್ಟು ಜಾಸ್ತಿ, ಪೆಟ್ಟಿನ ಎತ್ತರ ಏರಿದ್ದು ಹದಿನಾಲ್ಕು ಪಟ್ಟು. ಈ ಜಿಗಿತವನ್ನ ತಂದಿದ್ದು ಸ್ಕೀಯರ್ ಅಲ್ಲ, ಇಳಿಜಾರು ಅಲ್ಲಿಗೆ ಮುಗಿದುಹೋಯ್ತಲ್ಲ ಅದು. ಇನ್ನೂ ಒಂದು ಲೆಕ್ಕ ಹಾಕಿ, 12ರಿಂದ 15ಕ್ಕೆ ಹೋಗೋಕೆ ಇನ್‌ರನ್‌ನಲ್ಲಿ ಎಷ್ಟು ಮೇಲಿಂದ ಹೊರಡಬೇಕು? ಘರ್ಷಣೆ ಬಿಟ್ರೆ ಎತ್ತರದಲ್ಲಿ 4 ಮೀಟರ್ ಚಿಲ್ಲರೆ, 20 ಡಿಗ್ರಿ ಇಳಿಜಾರಲ್ಲಿ ಅದು ಸುಮಾರು 12 ಮೀಟರ್ ನಡೆದುಕೊಂಡು ಮೇಲಕ್ಕೆ ಹೋದಷ್ಟು. ಬಿಸಿಲಿಗೆ ಹಿಮ ಮೆತ್ತಗಾಗಿದ್ದಾಗ ಒಂದು ಜಾಗದಿಂದ ಹೊರಟು ಸರಿಯಾಗಿ ಇಳಿದವನು, ಸಂಜೆ ಹಿಮ ಗಟ್ಟಿಯಾಗಿ ಜಾರಿಕೆ ಜಾಸ್ತಿಯಾದಾಗ ಅದೇ ಜಾಗದಿಂದ ಹೊರಟ್ರೂ ಸ್ಪೀಡು ಬೇರೆ ಇರುತ್ತೆ. ಪಾರ್ಕಿನಲ್ಲಿ "ಇಲ್ಲಿಂದ ಹೊರಡಿ" ಅಂತ ಗುರುತು ಇಲ್ಲ ಅಂದ್ರೆ, ಮೊದಲ ಸಲ ಬಂದವನು ಈ 12 ಮೀಟರ್‌ನ ಕಣ್ಣಳತೆಯಲ್ಲಿ ಹೇಗೆ ಕಂಡುಹಿಡೀತಾನೆ?

ಮೈ ಮೇಲೆ ಆಗೋದನ್ನೂ ನೋಡೋಣ. ಕಾಲ ಮೇಲೆ ನೇರ ಇಳಿದು, ಮಂಡಿ ಸೊಂಟ ಬಗ್ಗಿಸಿ ಅರ್ಧ ಮೀಟರ್ ದೂರದಲ್ಲಿ ನಿಲ್ಸಿದ್ರೆ, 0.66 ಮೀಟರ್ ಎತ್ತರಕ್ಕೆ ಸರಾಸರಿ ಬಲ ದೇಹತೂಕದ 2.3 ಪಟ್ಟು, ಆರಾಮಾಗಿ ತಡ್ಕೋಬಹುದು. 2.6 ಮೀಟರ್‌ಗೆ ಆರು ಪಟ್ಟು ದಾಟುತ್ತೆ, ಇಲ್ಲಿ ತರಬೇತಿ ಇದ್ದೋರೂ ಕೂತುಬಿಡ್ತಾರೆ, ಮಂಡಿ ಹೋಗಿ ಎದೆಗೋ ಮುಖಕ್ಕೋ ಬಡಿಯುತ್ತೆ. 9.5 ಮೀಟರ್‌ಗೆ ಇಪ್ಪತ್ತು ಪಟ್ಟು, 75 ಕೆ.ಜಿ. ಮನುಷ್ಯನ ಕಾಲ ಮೇಲೆ ಒಂದೂವರೆ ಟನ್, ಅದೂ ಸರಾಸರಿ ಮಾತ್ರ, ಗರಿಷ್ಠ ಇನ್ನೂ ಜಾಸ್ತಿ. ಇಷ್ಟನ್ನ ತಡೆಯೋ ಕಾಲು ಯಾರಿಗೂ ಇಲ್ಲ. ಹಬರ್ಡ್ ಮತ್ತವರ ಜೊತೆಯವರು ಸಮಾನ ಎತ್ತರ 1.5 ಮೀಟರ್ ಆಸುಪಾಸು ದಾಟಬಾರದು ಅನ್ನೋದು ಸುಮ್ನೆ ಅಲ್ಲ. (ಹಿಂದಕ್ಕೆ ವಾಲಿಕೊಂಡು ಸ್ಕೀಯ ಬಾಲದ ಮೇಲೆ ಇಳಿದ್ರೆ ಇನ್ನೊಂದು ತೊಂದರೆ, ಗಟ್ಟಿ ಬೂಟಿನ ಹಿಂಭಾಗ ಮೊಣಕಾಲ ಕೆಳಗಿನ ಮೂಳೆಯನ್ನ ಮುಂದಕ್ಕೆ ತಳ್ಳಿ ಮಂಡಿಯೊಳಗಿನ ಎಸಿಎಲ್ ಅನ್ನೋ ಲಿಗಮೆಂಟ್ ಹರಿಯುತ್ತೆ, ಅದಕ್ಕೆ ಇಷ್ಟೆಲ್ಲ ಎತ್ತರಾನೂ ಬೇಡ.)

ಬೆನ್ನ ಮೇಲೋ ಕುತ್ತಿಗೆ ಮೇಲೋ ಬಿದ್ರೆ ಕಥೆ ಪೂರ್ತಿ ಬೇರೆ, ಬಗ್ಗೋಕೆ ಅರ್ಧ ಮೀಟರ್ ಇಲ್ಲ, ಗಟ್ಟಿ ಹಿಮ ಕೊಡೋದು ಕೆಲವು ಸೆಂಟಿಮೀಟರ್. 10 ಸೆಂಟಿಮೀಟರ್ ಅಂದ್ಕೊಂಡ್ರೂ ಲೆಕ್ಕ ದೇಹತೂಕದ ತೊಂಬತ್ತು ಪಟ್ಟು ದಾಟುತ್ತೆ. ಹೆಲ್ಮೆಟ್ ಹಾಕಿದ್ರೆ ಅಂತ ಕೇಳ್ತಾರೆ. ಯುರೋಪಿನ ಸ್ಕೀ ಹೆಲ್ಮೆಟ್ ಮಾನದಂಡ ಇಎನ್ 1077ರಲ್ಲಿ ಹೆಲ್ಮೆಟ್ಟನ್ನ ಬೀಳಿಸಿ ನೋಡೋದು ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿ, ಅಂದ್ರೆ ಒಂದೂವರೆ ಮೀಟರ್ ಎತ್ತರ, ಅಮೆರಿಕದ ಎಎಸ್‌ಟಿಎಂ ಎಫ್2040ರಲ್ಲಿ 6.2, ಅಂದ್ರೆ ಸುಮಾರು 2 ಮೀಟರ್. ನಮ್ಮ ಲೆಕ್ಕದ 13.6ರಲ್ಲಿ ಇರೋ ಶಕ್ತಿ ಯುರೋಪಿನ ಟೆಸ್ಟಿಗಿಂತ ಆರು ಪಟ್ಟು ಜಾಸ್ತಿ. ಹೆಲ್ಮೆಟ್ ಹಾಕ್ಲೇಬೇಕು, ಅದು ಬೇರೆ ಮಾತು, ಆದ್ರೆ ಅದು ಕುತ್ತಿಗೆಗೆ ಏನೂ ಮಾಡಲ್ಲ.

ಹಾಗಾದ್ರೆ ಕಾಲ ಮೇಲೆ ಹೊರಟವನು ಬೆನ್ನ ಮೇಲೆ ಯಾಕೆ ಬೀಳ್ತಾನೆ? ಇದಕ್ಕೆ "ಗಾಳೀಲಿ ಕಂಟ್ರೋಲ್ ಕಳ್ಕೊಂಡ" ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಿಬಿಡ್ತಾರೆ. ಆದ್ರೆ ನನಗೆ ಈ ವಿಷಯದಲ್ಲೆಲ್ಲ ಅತಿ ಮುಖ್ಯ ಅನ್ಸೋದು ಇದೇ ಭಾಗ. ಟೇಕ್‌ಆಫ್ ಲಿಪ್‌ವರೆಗೂ ಬಾಗಿಕೊಂಡೇ ಇದ್ರೆ, ಆ ಬಾಗಿನ ಮೇಲೆ ಹೋಗ್ತಿರೋ ಸ್ಕೀಯರ್ ಲಿಪ್ ಬಿಡೋ ಹೊತ್ತಿಗೆ ಆಗಲೇ ಹಿಂದಕ್ಕೆ ತಿರುಗ್ತಾ ಇರ್ತಾನೆ, ಗಾಳಿಗೆ ಹೋದ ಮೇಲೆ ಆ ತಿರುಗಾಟವನ್ನ ನಿಲ್ಸೋಕೆ ಹಿಡ್ಕೊಳ್ಳೋಕೆ ಏನೂ ಇಲ್ಲ. ತಿರುಗೋ ವೇಗ ಅಂದ್ರೆ ಸ್ಪೀಡನ್ನ ಬಾಗಿನ ತ್ರಿಜ್ಯದಿಂದ ಭಾಗಿಸಿದಷ್ಟು. ಮಾದರಿ ಜಂಪ್‌ನ ಲಿಪ್ ಹತ್ರ ತ್ರಿಜ್ಯ 15 ಮೀಟರ್ ಇದೆ ಅಂದ್ಕೊಳ್ಳಿ. 12ರ ಸ್ಪೀಡಲ್ಲಿ ಸೆಕೆಂಡಿಗೆ 46 ಡಿಗ್ರಿ, ಗಾಳಿಯಲ್ಲಿರೋದು 1.4 ಸೆಕೆಂಡು, ಒಟ್ಟು ಸುಮಾರು 65 ಡಿಗ್ರಿ ಹಿಂದಕ್ಕೆ. 15ರ ಸ್ಪೀಡಲ್ಲಿ ಸೆಕೆಂಡಿಗೆ 57 ಡಿಗ್ರಿ, ಗಾಳಿಯಲ್ಲಿ 1.9 ಸೆಕೆಂಡು, ಒಟ್ಟು ಸುಮಾರು 110 ಡಿಗ್ರಿ. ನೆಟ್ಟಗೆ ನಿಂತು ಹೊರಟವನು ಮಲಗೋ ಸ್ಥಿತಿಯನ್ನೂ ದಾಟಿ ತಲೆ ಕೆಳಗಾಗೋ ಕಡೆಗೆ ಹೊರಟಿರ್ತಾನೆ, ಅವನು ಇಳಿಯೋ ಹೊತ್ತಿಗೆ ಮುಂದಕ್ಕೆ ಬಾಗಿರಬೇಕಿತ್ತು. ಅನುಭವ ಇರೋರು ಲಿಪ್ ಹತ್ರ ಮೈಯನ್ನ ಮುಂದಕ್ಕೆ ಒತ್ತಿ ಇದನ್ನ ಸರಿ ಮಾಡ್ಕೋತಾರೆ, ಕೈ ಬೀಸಿ ಸ್ವಲ್ಪ ತಡೀತಾರೆ. ಹೊಸಬನಿಗೆ ಇದು ನಡೀತಿದೆ ಅಂತ ಗೊತ್ತಾಗೋ ಹೊತ್ತಿಗೆ ನೆಲ ಬಂದಿರುತ್ತೆ. ಲಿಪ್‌ಗೆ ಮುಂಚಿನ ಕೊನೆಯ ಭಾಗ ನೇರ ಇದ್ರೆ ಈ ಸಮಸ್ಯೆಯ ಮುಕ್ಕಾಲು ಪಾಲು ಇರಲ್ಲ, ಅದಕ್ಕೆ ಬೇಕಾಗಿರೋದು ಹಿಮ ಸರಿಸೋ ಮೆಷಿನ್‌ನಲ್ಲಿ ಇನ್ನೊಂದಿಷ್ಟು ಹೊತ್ತಿನ ಕೆಲಸ.

ರೆಸಾರ್ಟುಗಳ ಕಡೆಯ ವಾದಾನೂ ಕೇಳಬೇಕು, ಅದು ಪೂರ್ತಿ ಪೊಳ್ಳಲ್ಲ. ಅಮೆರಿಕದ ಸ್ಕೀ ರೆಸಾರ್ಟುಗಳ ಸಂಘ ಎನ್‌ಎಸ್‌ಎಎ ಹೇಳ್ತಾ ಬಂದಿರೋದು ಏನಂದ್ರೆ, ಹಿಮ ದಿನಾ ಬದಲಾಗುತ್ತೆ, ಗಂಟೆಗೊಂದು ಥರ ಇರುತ್ತೆ, ಒಬ್ಬೊಬ್ಬ ಸ್ಕೀಯರ್ ಒಂದೊಂದು ಥರ ಹಾರ್ತಾನೆ, ಹಂಗಾಗಿ ಜಂಪ್‌ಗೆ ಸೇತುವೆ ಕಟ್ಟಿದಂಗೆ ಇಂಜಿನಿಯರಿಂಗ್ ಮಾನದಂಡ ಹಾಕೋಕಾಗಲ್ಲ ಅಂತ. ಅದರ ಬದಲಿಗೆ ಸ್ಮಾರ್ಟ್ ಸ್ಟೈಲ್ ಅನ್ನೋ ತಿಳುವಳಿಕೆ ಕಾರ್ಯಕ್ರಮ ಇಟ್ಟಿದ್ದಾರೆ, ಕಿತ್ತಳೆ ಬಣ್ಣದ ಬೋರ್ಡು, ಜಂಪ್‌ಗೆ ಸಣ್ಣದು ಮಧ್ಯಮ ದೊಡ್ಡದು ಅಂತ ಗುರುತು, ಮೊದಲು ಪ್ಲ್ಯಾನ್ ಮಾಡಿ, ಹಾರೋಕೆ ಮುಂಚೆ ನೋಡಿ, ಸಣ್ಣದರಿಂದ ಶುರು ಮಾಡಿ. ಒಳ್ಳೆಯದೇ. ಆದ್ರೆ ಸ್ಪೀಡು ಬದಲಾಗುತ್ತೆ ಅನ್ನೋದು ಲೆಕ್ಕ ಬೇಡ ಅನ್ನೋಕೆ ಕಾರಣ ಹೇಗಾಗುತ್ತೆ? ಸ್ಪೀಡು ಬದಲಾಗುತ್ತೆ ಅಂತ ಕಟ್ಟೋರಿಗೇ ಗೊತ್ತಿರೋವಾಗ, ಒಂದೇ ಸ್ಪೀಡಿಗೆ ಸರಿಯಾಗಿ ಕೂರೋ ಲ್ಯಾಂಡಿಂಗ್ ಕಟ್ಟೋದು ಇನ್ನೂ ದೊಡ್ಡ ತಪ್ಪಲ್ವಾ. ಬೋರ್ಡಿನ ಮೇಲೆ "ದೊಡ್ಡದು" ಅಂತ ಬರೆದಿರೋದು ಡೆಕ್ ಎಷ್ಟು ಉದ್ದ ಅಂತ ಹೇಳುತ್ತೆ, ಲ್ಯಾಂಡಿಂಗ್ ಎಲ್ಲಿ ಮುಗಿಯುತ್ತೆ ಅಂತ ಹೇಳಲ್ಲ.

ಕಸರತ್ತು ಮಾಡೋ ಫ್ರೀಸ್ಟೈಲ್ ಸ್ಕೀಯಿಂಗ್‌ನಲ್ಲೇ ಏರಿಯಲ್ಸ್ ಅಂತ ಇನ್ನೊಂದು ಸ್ಪರ್ಧೆ ಇದೆ, ಟಿವಿಯಲ್ಲಿ ನೋಡಿದ್ರೆ ಇದಕ್ಕಿಂತ ಹತ್ತು ಪಟ್ಟು ಭಯಂಕರ, ಟ್ರಿಪಲ್ ಕಿಕರ್ ಅನ್ನೋ ಅಲ್ಲಿನ ಟೇಕ್‌ಆಫ್ 4 ಮೀಟರ್ ಎತ್ತರ, ಸುಮಾರು 70 ಡಿಗ್ರಿ ಕಡಿದಾಗಿ ಎದ್ದು ನಿಂತಿರುತ್ತೆ. ಆದ್ರೂ ಅಲ್ಲಿ ಲ್ಯಾಂಡಿಂಗ್ ಇಳಿಜಾರು 37-38 ಡಿಗ್ರಿ, ಮೇಲಿನ ಹಿಮವನ್ನ ಸಲಿಕೆಯಲ್ಲಿ ಕೊಚ್ಚಿ ಕೊಚ್ಚಿ ಸಡಿಲ ಮಾಡಿರ್ತಾರೆ, ಒಳಕ್ಕೆ ಇಳಿಯೋಕೆ ಜಾಗ ಸಿಗಲಿ ಅಂತ. ಆ ದಿನದ ಹಿಮ, ಗಾಳಿ ನೋಡಿ ಸ್ಪೀಡು ಅಳೆದು ಎಲ್ಲಿಂದ ಹೊರಡಬೇಕು ಅಂತ ಕೋಚ್ ಜೊತೆ ತೀರ್ಮಾನ ಮಾಡ್ತಾರೆ, ಹೊಸ ಜಂಪನ್ನ ಮೊದಲು ಬೇಸಿಗೆಯಲ್ಲಿ ನೀರಿನ ಕೊಳಕ್ಕೆ ಹಾರಿ ಹಾರಿ ಪಳಗಿಸಿಕೊಂಡೇ ಹಿಮಕ್ಕೆ ಬರೋದು. ಅಲ್ಲೂ ಪೆಟ್ಟಾಗುತ್ತೆ, ಸಮಾನ ಎತ್ತರಾನೂ ಪಾರ್ಕ್ ಜಂಪ್‌ಗೆ ಹೇಳೋ 1.5 ಮೀಟರ್‌ಗಿಂತ ತುಂಬಾ ಜಾಸ್ತಿ ಬರುತ್ತೆ. ಆದ್ರೆ ಅಲ್ಲಿ ಹೊರಡೋ ಜಾಗ, ಕೋನ, ಲ್ಯಾಂಡಿಂಗ್ ಇದ್ಯಾವುದನ್ನೂ ಅಂದಾಜಿಗೆ ಬಿಟ್ಟಿರಲ್ಲ. ಪಾರ್ಕಿಗೆ ಟಿಕೆಟ್ ತಗೊಂಡು ಬಂದವನಿಗೆ ಕೋಚೂ ಇಲ್ಲ ಕೊಳಾನೂ ಇಲ್ಲ.

ಜ್ಯೂರಿ ಹಂಚಿದ 45% ಬಗ್ಗೆ ನನ್ನ ಅಭಿಪ್ರಾಯ. ಹುಡುಗನ ಪಾಲು ಸೊನ್ನೆ ಅಂತ ನಾನು ಹೇಳಲ್ಲ, ಸ್ಪೀಡು ಅವನ ಕೈಯಲ್ಲಿತ್ತು, ಸಣ್ಣ ಜಂಪ್‌ನಿಂದ ಶುರು ಮಾಡೋದು, ಹಾರೋಕೆ ಮುಂಚೆ ಪಕ್ಕದಲ್ಲಿ ನಿಂತು ನೋಡೋದು ಯಾರೇ ಆದ್ರೂ ಮಾಡಬೇಕಾದ್ದೇ. ಆದ್ರೆ ಸ್ಪೀಡಿನಲ್ಲಿ ಕಾಲು ಭಾಗದ ಹೆಚ್ಚುಕಮ್ಮಿಯನ್ನ ಹದಿನಾಲ್ಕು ಪಟ್ಟು ಪೆಟ್ಟಾಗಿ ಮಾರ್ಪಡಿಸೋ ಆಕಾರ ಅವನ ಕೈಯಲ್ಲಿರಲಿಲ್ಲ. ತಪ್ಪು ಮಾಡಿದವನಿಗೆ ಉಳುಕಿದ ಕಾಲು ಸಿಗಬೇಕಾ ಗಾಲಿಕುರ್ಚಿ ಸಿಗಬೇಕಾ ಅನ್ನೋದನ್ನ ಜಂಪ್ ಕಟ್ಟಿದವರು ಮೊದಲೇ ತೀರ್ಮಾನ ಮಾಡಿರ್ತಾರೆ, ಗೊತ್ತಿದ್ದೋ ಗೊತ್ತಿಲ್ದೆನೋ. ಮುಂಚೆನೇ ಅಲ್ಲಿ ಜನಕ್ಕೆ ಪೆಟ್ಟಾಗಿತ್ತು ಅಂದಮೇಲೆ ಗೊತ್ತಿಲ್ದೆ ಅನ್ನೋಕೂ ಕಷ್ಟ. ನಾನು ಜ್ಯೂರಿಯಲ್ಲಿದ್ದಿದ್ರೆ ಹುಡುಗನಿಗೂ ರೆಸಾರ್ಟಿಗೂ ಹೀಗೆ ಹೆಚ್ಚುಕಮ್ಮಿ ಸಮ ಪಾಲು ಮಾಡ್ತಿರಲಿಲ್ಲ.

ಸರಿ ಮಾಡೋಕೆ ಎಷ್ಟು ಬೇಕಿತ್ತು ಅಂತ ಅದೇ ಮಾದರಿ ಜಂಪ್‌ನಲ್ಲಿ ನೋಡಿ. 27 ಡಿಗ್ರಿ ಇಳಿಜಾರನ್ನ ಅದೇ ಕೋನದಲ್ಲಿ ಇನ್ನೊಂದು 7 ಮೀಟರ್ ಕೆಳಕ್ಕೆ ಎಳೆದ್ರೆ, 15ರ ಸ್ಪೀಡಲ್ಲಿ ಬಂದವನೂ ಇಳಿಜಾರಿನ ಮೇಲೇ ಇಳೀತಾನೆ, 9.5 ಮೀಟರ್ ಇದ್ದಿದ್ದು 2.9ಕ್ಕೆ ಇಳಿಯುತ್ತೆ. ಇನ್ನೂ ಜಾಸ್ತಿನೇ, ಆದ್ರೆ ಬದುಕಿ ಎದ್ದು ಹೋಗೋ ಮಟ್ಟ. ಅವನು ಇಳಿಯೋ ಆ ಜಾಗದಲ್ಲಷ್ಟೇ ಇಳಿಜಾರನ್ನ 35 ಡಿಗ್ರಿಗೆ ಕಡಿದು ಮಾಡಿದ್ರೆ 1 ಮೀಟರ್ ಚಿಲ್ಲರೆಗೆ ಬರುತ್ತೆ. ದೂರ ಹಾರಿದವನು ಕಡಿದಾದ ದಾರಿಯಲ್ಲಿ ಬೀಳ್ತಾನೆ, ಹಂಗಾಗಿ ದೂರ ಹೋದಷ್ಟೂ ಲ್ಯಾಂಡಿಂಗ್ ಕಡಿದಾಗ್ತಾ ಹೋಗಬೇಕು, ಹೀಗೆ ಆಕಾರ ಕೊಟ್ರೆ ಯಾವ ಸ್ಪೀಡಲ್ಲಿ ಬಂದ್ರೂ ಪೆಟ್ಟು ಒಂದೇ ಇರೋ ಹಾಗೆ ಮಾಡಬಹುದು ಅಂತ ಹಬರ್ಡ್ 2009ರಲ್ಲೇ ಬರೆದಿದ್ರು. ಕಾಗದದ ಮೇಲಷ್ಟೇ ಉಳೀಲಿಲ್ಲ, ಇಟಲಿಯ ನೆವೆಗಾಲ್‌ನಲ್ಲಿ ಸಮಾನ ಎತ್ತರ ಅರ್ಧ ಮೀಟರ್ ಇಟ್ಟುಕೊಂಡು ಅಂಥ ಜಂಪ್ ನಿಜವಾಗಿ ಕಟ್ಟಿ, ಬೇರೆ ಬೇರೆ ದೂರಕ್ಕೆ ಹಾರಿಸಿ ಅಳೆದು 2017ರಲ್ಲಿ ಫಲಿತಾಂಶ ಪ್ರಕಟ ಮಾಡಿದ್ರು. 2018ರಲ್ಲಿ ಜೇಸನ್ ಮೂರ್ ಮತ್ತು ಹಬರ್ಡ್ ಇದೇ ಲೆಕ್ಕಕ್ಕೆ ಸ್ಕೀಜಂಪ್‌ಡಿಸೈನ್ ಅನ್ನೋ ಸಾಫ್ಟ್‌ವೇರನ್ನ ಪುಕ್ಕಟೆ ಬಿಟ್ರು, ಇಳಿಜಾರಿನ ಕೋನ, ಇನ್‌ರನ್ ಉದ್ದ, ಟೇಕ್‌ಆಫ್ ಕೋನ, ಎಷ್ಟು ಸಮಾನ ಎತ್ತರ ಬೇಕು ಅಂತ ಕೊಟ್ರೆ ಲ್ಯಾಂಡಿಂಗ್‌ನ ಆಕಾರ ಬಿಡಿಸಿ ಕೊಡುತ್ತೆ.

ಒಂದು ನಿಜವಾದ ತೊಡಕಿದೆ. ಸಮಾನ ಎತ್ತರ ಕಮ್ಮಿ ಬೇಕು ಅಂದಷ್ಟೂ ಲ್ಯಾಂಡಿಂಗ್ ಉದ್ದ ಆಗುತ್ತೆ, ಕಡಿದಾಗುತ್ತೆ, ಹಿಮ ರಾಶಿ ಬೇಕಾಗುತ್ತೆ, ಮೊದಲೇ ಚಪ್ಪಟೆಯಾಗಿರೋ ಬೆಟ್ಟದಲ್ಲಿ ದೊಡ್ಡ ಜಂಪ್‌ಗೆ ಅಷ್ಟು ಹಿಮ ಹಾಕೋಕಾಗಲ್ಲ. ಅಂಥ ಕಡೆ ಉಳಿಯೋದು ಎರಡೇ ದಾರಿ, ಡೆಕ್ಕನ್ನೂ ಟೇಕ್‌ಆಫ್ ಕೋನವನ್ನೂ ಇಳಿಸಿ ಜಂಪ್ ಚಿಕ್ಕದು ಮಾಡೋದು, ಇಲ್ಲಾಂದ್ರೆ ಇನ್‌ರನ್‌ನಲ್ಲಿ ಒಂದು ಜಾಗಕ್ಕಿಂತ ಮೇಲಿಂದ ಯಾರೂ ಬರದ ಹಾಗೆ ಬೇಲಿ ಹಾಕಿ ಗರಿಷ್ಠ ಸ್ಪೀಡನ್ನೇ ಕಟ್ಟಿಹಾಕೋದು, ಹಿಮ ಗಟ್ಟಿಯಾದ ದಿನ ಆ ಬೇಲಿಯನ್ನ ಕೆಳಕ್ಕೆ ತರೋದು.